ಹಿನ್ನೀರಿನ ಬಾಣಂತಿಯರು

ನಮ್ಮ ಮನೆಯ ಟಿವಿಯ ಪಕ್ಕದಲ್ಲಿ ಒಂದು ಕಟ್ಟಿಗೆಯ ಹಕ್ಕಿ ಕೂತಿದೆ. ಮನೆಗೆ ಬಂದವರು ಮೊದಲು ಚಪ್ಪಲಿ ಬಿಡುತ್ತಾರೆ, ಆಮೇಲೆ ಅದಕ್ಕೆ ಕೈ ಮುಗಿಯುತ್ತಾರೆ, ಅದಾದ ಮೇಲೆ "ಇದು ಯಾವ ದೇವರ್ರೀ?" ಎಂದು ಕೇಳುತ್ತಾರೆ. ಮುಗಿದ ಮೇಲೆ ಕೇಳುವುದು ನಮ್ಮ ಜನರ ಪದ್ಧತಿ. ನಾನು "ದೇವರಲ್ಲ, ಮೀನ ತಿನ್ನೂ ಹಕ್ಕಿ" ಅಂದರೆ ಯಾರೂ ನಂಬುವುದಿಲ್ಲ. ಅವರ ತಪ್ಪೂ ಇಲ್ಲ. ಆ ಹಕ್ಕಿಯ ಕೊರಳಲ್ಲಿ ಮೂರೆಳೆ ಸರವಿದೆ, ರೆಕ್ಕೆಯ ಮೇಲೆ ಬಂಗಾರದ ಬಣ್ಣದ ಬಳ್ಳಿ ಹಬ್ಬಿದೆ, ಕಾಡಿಗೆ ಹಚ್ಚಿದ ಮದುಮಗಳ ಕಣ್ಣಿನಂತಹ ಕಣ್ಣಿದೆ. ಇಷ್ಟೆಲ್ಲ ಇಟ್ಟುಕೊಂಡು ಅದು ಮೀನು ತಿಂದೀತು ಅಂತ ನನಗೂ ಅನ್ನಿಸುವುದಿಲ್ಲ.

ಅದನ್ನು ಒರೆಸುವಾಗಲೆಲ್ಲ ನನಗೆ ನಗು ಬರುತ್ತದೆ. ಒಬ್ಬಳೇ ಇದ್ದಾಗ ಜೋರಾಗಿ ನಗುತ್ತೇನೆ. ಕೇಳಿದವರು ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡರೆ ಅಂದುಕೊಳ್ಳಲಿ, ನೀವು ಕೇಳಿ.

ನನ್ನ ಮಗಳ ಮಗಳು ಲೀಲಾ ಹಕ್ಕಿಯ ವಿಜ್ಞಾನಿ. ಹಾಗಂದರೆ ಏನು ಅಂತ ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ಅವಳಿಗೆ ಗಂಡು ನೋಡಲು ಹೊರಟಾಗ ಇನ್ನೂ ತೊಂದರೆಯಾಯಿತು. ಗಂಗಾವತಿಯಿಂದ ಬಂದ ರೈಸ್ ಮಿಲ್ಲಿನವರು "ಹುಡುಗಿ ಏನ್ ಮಾಡ್ತಾಳ್ರಿ?" ಅಂದರು. "ಹಕ್ಕಿ ನೋಡ್ಕೋತಾಳ್ರಿ" ಅಂದೆ. "ಛಲೋ ಆತು, ನಮ್ಮದೂ ಒಂದು ಕೋಳಿ ಫಾರ್ಮ್ ಐತ್ರಿ" ಅಂದರು. ಕುಷ್ಟಗಿಯಿಂದ ಬಂದ ಗಂಡಿನ ತಾಯಿ, "ಹಕ್ಕಿ ನೋಡಾಕ ಪಗಾರ ಕೊಡ್ತಾರ? ನಮ್ಮ ಮನ್ಯಾಗೂ ಗುಬ್ಬಿ ಅದಾವು, ನೋಡಿದ್ರಾತು, ನೌಕರಿ ಬಿಡಿಸ್ರಿ" ಅಂದಳು. ಲೀಲಾ ಒಳಗಿನ ಕೋಣೆಯಲ್ಲಿ ಬಾಯಿಗೆ ದಿಂಬು ಒತ್ತಿಕೊಂಡು ನಗುತ್ತಿದ್ದಳು. ಯಲಬುರ್ಗಾದ ಒಬ್ಬ ಹುಡುಗ ಮಾತ್ರ "ಯಾವ ಹಕ್ಕಿ?" ಅಂತ ಕೇಳಿದ. ಅವನು ಅಷ್ಟು ಕೇಳಿದ್ದೇ ಅವನ ತಂದೆಗೆ ಸರಿಬೀಳಲಿಲ್ಲ. ಎದ್ದು ಹೋದರು.

ಅವಳ ಕೆಲಸ ಇಷ್ಟೇ. ಹೊಳೆ, ಕೆರೆ, ಹಿನ್ನೀರು ಕೆಟ್ಟುಹೋದ ಕಡೆ ಹೋಗಿ, ಹಕ್ಕಿಗಳು ಯಾಕೆ ಬಿಟ್ಟುಹೋದವು ಅಂತ ನೋಡಿ, ಮತ್ತೆ ಬರುವ ಹಾಗೆ ಜಾಗ ಸರಿಮಾಡುವುದು. ತವರಿಗೆ ಬರದೆ ಸಿಟ್ಟಿನಲ್ಲಿ ಕೂತ ಮಗಳನ್ನು ಒಲಿಸಿ ಕರೆತರುವಂತಹ ಕೆಲಸ. ಇದಕ್ಕೆ ಅವಳು ಅಷ್ಟು ವರ್ಷ ಓದಬೇಕಾಯಿತು. ನಾನು ಮೂರನೇ ಇಯತ್ತೆ ಓದಿ ಮೂರು ಹೆಣ್ಣುಮಕ್ಕಳ ಸಿಟ್ಟು ಇಳಿಸಿದ್ದೇನೆ.

ಅವಳ ಕೊರಳಲ್ಲಿ ಯಾವಾಗಲೂ ಒಂದು ದುರ್ಬೀನು. ಮೊದಲ ದಿನ ನನಗೂ ಕೊಟ್ಟಳು. "ಏನ್ ಕಾಣ್ತು ಆಯಿ?" ಅಂದಳು. ನನಗೆ ಕಂಡದ್ದು, ಆಚೆ ದಂಡೆಯಲ್ಲಿ ನಮ್ಮ ಓಣಿಯ ನೀಲವ್ವ ಬೇರೆಯವರ ಹೊಲದಲ್ಲಿ ಬಗ್ಗಿ ಸೌತೆಕಾಯಿ ಹರಿಯುತ್ತಿದ್ದದ್ದು. ವಿಜ್ಞಾನದಲ್ಲಿ ಇಷ್ಟು ಉಪಯೋಗವಿದೆ ಅಂತ ನನಗೆ ಗೊತ್ತಿರಲಿಲ್ಲ. ಆಮೇಲೆ ಒಂದು ವಾರ ನಾನು ಆ ದುರ್ಬೀನನ್ನು ಅವಳಿಗೆ ಬಿಟ್ಟುಕೊಡಲಿಲ್ಲ.

ನಮ್ಮ ಊರು ಮುನಿರಾಬಾದಿನ ಆಚೆ, ಡ್ಯಾಮಿನ ಹಿನ್ನೀರಿನ ದಂಡೆಯ ಮೇಲಿದೆ. ಒಂದು ಅನ್ನುವುದಕ್ಕಿಂತ ಎರಡು ಊರು ಅನ್ನಬೇಕು. ಡ್ಯಾಮು ಕಟ್ಟಿದಾಗ ಹಿರಿಯರು ಬಾಗಿಲು, ತೊಲೆ, ಒರಳು, ದೇವರು ಎಲ್ಲವನ್ನೂ ಚಕ್ಕಡಿಗೆ ಹೇರಿಕೊಂಡು ಎತ್ತರಕ್ಕೆ ಬಂದರು. ಹಳೆಯ ಊರು ಮಳೆಗಾಲದಲ್ಲಿ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದರ ದಿಬ್ಬ, ಬೋಡುತಲೆಯ ಹಾಗೆ, ನೀರಿನ ನಡುವೆ ಮೇಲೇಳುತ್ತದೆ. ನಾನು ಹುಡುಗಿಯಾಗಿದ್ದಾಗ ನಮ್ಮವ್ವ ಬೇಸಿಗೆಗೊಮ್ಮೆ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಗೋಡೆಗಳೆಲ್ಲ ಕರಗಿಹೋಗಿದ್ದವು, ಬುನಾದಿಯ ಕಲ್ಲಷ್ಟೇ ಉಳಿದಿದ್ದವು. ಆದರೂ ಅವಳಿಗೆ ಮನೆ ಮನೆಯೇ. "ಏ, ಅಲ್ಲಿಂದ ಬರಬ್ಯಾಡ, ಅದು ಗ್ವಾಡಿ. ಬಾಗಲದಾಗಿಂದ ಬಾ" ಅನ್ನುತ್ತಿದ್ದಳು. ಬಾಗಿಲು ಎಲ್ಲಿತ್ತು ಅಂತ ನಮಗೇನು ಗೊತ್ತು? ತಪ್ಪಿ ಗೋಡೆಯೊಳಗಿಂದ ಹೋದರೆ ಬೆನ್ನಿಗೆ ಗುದ್ದು. ಅವಳು ಹಳೆಯ ಊರು ನೆನೆದು ಅತ್ತದ್ದನ್ನು ನಾನು ನೋಡಿಲ್ಲ. ಅಲ್ಲಿ ತಿಗಣೆ ಬಹಳ ಇದ್ದವು, ಮುಳುಗಿದ್ದೇ ಒಳ್ಳೆಯದಾಯಿತು ಅನ್ನುತ್ತಿದ್ದಳು.

ಆ ದಿಬ್ಬದ ಮೇಲೆ ಆಗ ಬಿಳಿಯ ಹಕ್ಕಿಗಳು ಇದ್ದವು. ಕರಿಯ ಟೊಪ್ಪಿಗೆ, ಅರಿಶಿನದ ಬಣ್ಣದ ಚೂಪು ಕೊಕ್ಕು, ಕತ್ತರಿಯ ಹಾಗೆ ಸೀಳಿದ ಬಾಲ. ನಾವು ಅವಕ್ಕೆ ಹೆಸರಿಟ್ಟಿರಲಿಲ್ಲ. ಅವು ನಮ್ಮ ತಲೆಯ ಮೇಲೆ ಬಾಣದ ಹಾಗೆ ಎರಗಿ, ಚೀರಿ, ಗುರಿ ಇಟ್ಟು ಹೇಲುತ್ತಿದ್ದವು. ಗುರಿ ತಪ್ಪಿದ್ದು ನನಗೆ ನೆನಪಿಲ್ಲ. ಪುಸ್ತಕದಲ್ಲಿ ಅದಕ್ಕೆ ರೀವ ಅನ್ನುತ್ತಾರೆ ಅಂತ ಲೀಲಾ ಹೇಳಿದಳು. ಅದು ಗೂಡು ಕಟ್ಟುವುದಿಲ್ಲ. ಬಯಲು ಮರಳಿನಲ್ಲಿ ಎದೆಯಿಂದ ಸ್ವಲ್ಪ ತಗ್ಗು ಮಾಡಿ ಅಲ್ಲೇ ತತ್ತಿ ಇಡುತ್ತದೆ. ತತ್ತಿಯೂ ಕಲ್ಲಿನ ಬಣ್ಣ. ಅಷ್ಟು ಸೋಮಾರಿ ಸಂಸಾರ ನಾನು ಬೇರೆಲ್ಲೂ ನೋಡಿಲ್ಲ.

ದನ, ಕುರಿ, ನಾಯಿ, ಟ್ರ್ಯಾಕ್ಟರ್ ಎಲ್ಲ ಓಡಾಡಿ ಆ ಹಕ್ಕಿಗಳು ನಮ್ಮ ದಿಬ್ಬ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವನ್ನು ತಿರುಗಿ ತರುತ್ತೇನೆ ಅಂತ ಲೀಲಾ ಬಂದು ನಮ್ಮ ಮನೆಯಲ್ಲಿ ಠಿಕಾಣಿ ಹೂಡಿದಳು. ಮುನಿರಾಬಾದಿನ ಆಫೀಸಿನಿಂದ ಒಪ್ಪಿಗೆ ತಂದಿದ್ದಳು. ಆದರೆ ಒಪ್ಪಿಗೆಯ ಕಾಗದ ಬಿಸಿಲಲ್ಲಿ ಕೂತು ದಿಬ್ಬ ಕಾಯುವುದಿಲ್ಲವಲ್ಲ, ಊರು ಒಪ್ಪಬೇಕು. ಊರು ಅಂದರೆ ನನ್ನ ಮೈದುನ ಫಕೀರಪ್ಪ.

ಫಕೀರಪ್ಪ ನನಗಿಂತ ಚಿಕ್ಕವನು, ನಮ್ಮದು ಊರೊಳಗಿನ ಸಂಬಂಧ. ಹಾಗಾಗಿ ಅವನ ಮೂಗು ಒರೆಸಿದ ಕೈ ನನ್ನದು. ಅದನ್ನು ನಾನು ಆಗಾಗ ನಾಲ್ಕು ಜನರ ನಡುವೆ ಹೇಳುತ್ತಿರುತ್ತೇನೆ, ಅವನಿಗೆ ಸಿಟ್ಟು ಬರುತ್ತದೆ. ನೀರು ಸರಿದ ಮೇಲೆ ದಿಬ್ಬದ ಪಕ್ಕದ ಕೆಸರು ನೆಲದಲ್ಲಿ ಅವನು ಕಲ್ಲಂಗಡಿ ಹಾಕುತ್ತಾನೆ. ಈ ಸಲ ದಿಬ್ಬಕ್ಕೂ ಬಳ್ಳಿ ಹಬ್ಬಿಸುವ ಲೆಕ್ಕ ಹಾಕಿದ್ದ. ಬೇವಿನ ಕಟ್ಟೆಯ ಮೇಲೆ ಎಲ್ಲರೂ ಕೂತಾಗ ಲೀಲಾ ಕೈಕಟ್ಟಿಕೊಂಡು ನಿಂತಳು.

"ಸಣ್ಣಜ್ಜ, ಒಂದ ಬ್ಯಾಸಗಿ ದಿಬ್ಬ ಬಿಡ್ರಿ. ನಾವು ಜಾಗ ಬಿಟ್ರ ಅವು ಬರ್ತಾವು."

"ಬರದಿದ್ರ?"

"ಬರದಿದ್ರ ನಿಮ್ಮ ಕಲ್ಲಂಗಡಿ."

ಫಕೀರಪ್ಪ ಕಟ್ಟೆಯ ಮೇಲಿದ್ದವರ ಕಡೆ ತಿರುಗಿದ. "ಎಲ್ಲಾರೂ ಕೇಳಿಸ್ಕೊಂಡ್ರಿಲ್ಲ? ಹಕ್ಕಿ ಬರಬೇಕು, ತತ್ತಿ ಇಡಬೇಕು, ಮರಿ ಹಾರಬೇಕು. ಅಂದ್ರ ದಿಬ್ಬ ಕಾಯಂ ಅವರ್ದು. ಇದರಾಗ ಒಂದು ತಪ್ಪಿದ್ರೂ ನಂದು. ಆಮ್ಯಾಲ ದುರ್ಬೀನ ಹಿಡ್ಕೊಂಡು ಅಳಬ್ಯಾಡ."

"ಅಳೂದಿಲ್ರಿ" ಅಂದಳು ಲೀಲಾ. ಮನೆಗೆ ಬಂದ ಮೇಲೆ ಉಗುರು ಕಚ್ಚುತ್ತಾ ಕೂತಳು. ಹಿನ್ನೀರಿನ ದಂಡೆಯ ಉಳಿದ ಊರಿನವರೂ ನಮ್ಮ ಕಡೆ ನೋಡುತ್ತಿದ್ದರು. ಇಲ್ಲಿ ಹಕ್ಕಿ ಕೂತರೆ ಅವರೂ ತಮ್ಮ ದಿಬ್ಬ ಬಿಟ್ಟುಕೊಡುತ್ತಿದ್ದರು. ಇಲ್ಲಿ ತಪ್ಪಿದರೆ ಇನ್ನೊಂದು ಊರಿಗೆ ಹೋಗಿ ಕೇಳಲು ಅವಳಿಗೆ ಬಾಯಿಯೇ ಇರುತ್ತಿರಲಿಲ್ಲ. ಅವಳ ಇಡೀ ಕೆಲಸ ಬೋಡುತಲೆಯಂತಹ ಒಂದು ದಿಬ್ಬದ ಮೇಲೆ ಕೂತಿತ್ತು.

ಇನ್ನು ಕಟ್ಟಿಗೆಯ ಹಕ್ಕಿಯ ಮಾತಿಗೆ ಬರುತ್ತೇನೆ. ಈ ರೀವ ಖಾಲಿ ಜಾಗದಲ್ಲಿ ಇಳಿಯುವುದಿಲ್ಲವಂತೆ, ಬೇರೆ ರೀವ ಕೂತದ್ದನ್ನು ಕಂಡರೆ ಇಳಿಯುತ್ತದಂತೆ. ನನಗೆ ಇದು ಥಟ್ಟನೆ ತಿಳಿಯಿತು. ಕೊಪ್ಪಳದ ಬಸ್ಸು ಹತ್ತಿದರೆ ನಾನೂ ಹೆಂಗಸರು ಎಲ್ಲಿ ಕೂತಿದ್ದಾರೆ ಅಂತ ನೋಡಿ ಅಲ್ಲೇ ಹೋಗಿ ಕೂರುತ್ತೇನೆ. ಅದಕ್ಕೇ ಸುಳ್ಳು ಹಕ್ಕಿಗಳನ್ನು ಮಾಡಿಸಿ ಇಡಬೇಕು ಅಂದಳು ಲೀಲಾ. ಕಟ್ಟಿಗೆಯಲ್ಲಿ ಏನು ಬೇಕಾದರೂ ಮಾಡುವವರು ನಮಗೆ ಹತ್ತಿರದಲ್ಲೇ, ಕಿನ್ನಾಳದಲ್ಲಿ ಇದ್ದಾರೆ. ಅಲ್ಲಿನ ಚಿತ್ರಗಾರ ಯಂಕಪ್ಪಜ್ಜನ ಹತ್ತಿರ ಹೋದೆವು. ಅವರ ಮನೆಯವರು ತಲೆತಲಾಂತರದಿಂದ ದೇವರನ್ನೂ ಗೊಂಬೆಯನ್ನೂ ಮಾಡುತ್ತಾ ಬಂದವರು. ಲೀಲಾ ಮೊಬೈಲಿನಲ್ಲಿ ಹಕ್ಕಿಯ ಫೋಟೋ ತೋರಿಸಿದಳು. ಅಜ್ಜ ಕನ್ನಡಕ ಏರಿಸಿ, ಇಳಿಸಿ ನೋಡಿದ.

"ಇದಕ್ಕ ಕಣ್ಣ ಇಲ್ಲಲ್ಲವಾ."

"ಅದಾವ್ರಿ ಅಜ್ಜ. ಟೊಪಿಗಿ ಕರ್ರಗ ಐತಲ್ಲ, ಕಣ್ಣು ಅದರಾಗ ಕೂಡಿಬಿಡ್ತಾವು."

"ಕಣ್ಣ ಕಾಣದಂಗ ಮಾಡಿ ಕೊಡೂದು ನಮ್ಮ ಮನಿತನದಾಗ ಇಲ್ಲ."

"ಬಿಳಿ, ಬೂದಿ, ಕರಿ, ಇಷ್ಟ ಬಣ್ಣ ಸಾಕ್ರಿ."

"ಬೂದಿ ಬಣ್ಣದ ಸಲುವಾಗಿ ಕಿನ್ನಾಳಕ್ಕ ಬಂದೇನು? ನಿಮ್ಮ ಒಲ್ಯಾಗ ಇರಲಿಲ್ಲೇನು?"

ನಾನು ನಕ್ಕೆ. ಲೀಲಾ ನನ್ನ ಕಾಲು ತುಳಿದಳು. ಕೊನೆಗೆ ಅಜ್ಜ, "ಆತವಾ, ನೀ ಹೇಳಿದಂಗ" ಅಂದ. ಆ ಮಾತನ್ನು ನನ್ನ ಗಂಡನೂ ಅನ್ನುತ್ತಿದ್ದ, ಹಾಗಾಗಿ ನಾನು ನಂಬಲಿಲ್ಲ.

ಹಕ್ಕಿಗಳು ಟಂಟಂ ಗಾಡಿಯಲ್ಲಿ ಹುಲ್ಲಿನ ಮೇಲೆ ಕೂತು ಊರಿಗೆ ಬಂದವು. ಯಂಕಪ್ಪಜ್ಜ ಬೂದಿ ಬಣ್ಣ ಬಳಿದಿದ್ದು ನಿಜ. ಅದರ ಮೇಲೆ ಅವನಿಗೆ ತಡೆಯಲಾಗಿಲ್ಲ. ಪ್ರತಿಯೊಂದಕ್ಕೂ ಸರ, ಬಳ್ಳಿ, ಕಿವಿಯಿಲ್ಲದ ಕಡೆ ಓಲೆ. ಅದಾದರೂ ಇರಲಿ. ಅವರ ಮನೆಯಿಂದ ಹೊಸ ದೇವರು ಹೊರಟರೆ ಪ್ರತಿಷ್ಠೆ ಆಗುವ ತನಕ ಅದರ ಕಣ್ಣು ಯಾರಿಗೂ ಬೀಳಬಾರದು ಅಂತ ಅರಿಶಿನದ ಬಟ್ಟೆ ಕಟ್ಟಿ ಕಳಿಸುವ ರೂಢಿ. ಕೈಗೆ ಹತ್ತಿದ ರೂಢಿ, ಹಕ್ಕಿಗಳಿಗೂ ಕಟ್ಟಿಬಿಟ್ಟಿದ್ದ. ಊರ ಬಾಗಿಲ ಅಗಸೆಯ ಹತ್ತಿರ ಟಂಟಂ ನಿಂತಾಗ, ಕಣ್ಣಿಗೆ ಅರಿಶಿನದ ಪಟ್ಟಿ ಕಟ್ಟಿಕೊಂಡು ಸಾಲಾಗಿ ಕೂತ ಹಕ್ಕಿಗಳನ್ನು ನೀಲವ್ವ ಮೊದಲು ಕಂಡಳು. ಕೊಡ ಕೆಳಗಿಟ್ಟು ಸೆರಗು ಹೊದ್ದುಕೊಂಡಳು.

ಅಷ್ಟೇ ಸಾಕಾಯಿತು. ಲೀಲಾ ಗಾಡಿಯಿಂದ ಇಳಿಯುವುದರೊಳಗೆ ಆರತಿ ಬಂತು, ಕಾಯಿ ಬಂತು, ಹಲಗೆ ಬಂತು. ಹಲಗೆ ಬಾರಿಸುವವರು ಅಷ್ಟು ಬೇಗ ಎಲ್ಲಿಂದ ಬರುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ.

"ಆಯಿ, ಇವರಿಗೆ ಹೇಳು" ಅಂದಳು ಲೀಲಾ, ಹಣೆಯ ಮೇಲೆ ಕುಂಕುಮ ಹಚ್ಚಿಸಿಕೊಳ್ಳುತ್ತಾ.

"ನೀಲವ್ವ, ಇವು ಗೊಂಬಿ" ಅಂದೆ.

"ಗೊಂಬಿಗೆ ಯಾರರ ಕಣ್ಣ ಕಟ್ತಾರೇನು?"

ಮೆರವಣಿಗೆ ನಮ್ಮ ಮನೆಯ ತನಕ ಬಂತು. ನಾನೂ ಆರತಿ ಹಿಡಿದೆ. ಎಲ್ಲರೂ ಹಿಡಿದಿರುವಾಗ ಒಬ್ಬಳೇ ಹೇಗೆ ಸುಮ್ಮನಿರುವುದು?

ಬಾಗಿಲು ಹಾಕಿಕೊಂಡು ನಾವಿಬ್ಬರೂ ಪಡಸಾಲೆಯಲ್ಲಿ ಕೂತು, ಕಣ್ಣಿನ ಪಟ್ಟಿ ಬಿಚ್ಚಿ, ಸರ, ಓಲೆ, ಬಳ್ಳಿಗಳ ಮೇಲೆ ಬೂದಿ ಬಣ್ಣ ಬಳಿದೆವು, ತಲೆಗೆ ಕರಿಯ ಟೊಪ್ಪಿಗೆ ಹಾಕಿದೆವು. ಒಂದನ್ನು ಮಾತ್ರ ನಾನು ಅಕ್ಕಿಯ ಡಬ್ಬದ ಹಿಂದೆ ಇಟ್ಟೆ. ಭಕ್ತಿ ಗಿಕ್ತಿ ಏನಲ್ಲ, ಬಣ್ಣ ಚೆನ್ನಾಗಿತ್ತು. ಅದೇ ಈಗ ಟಿವಿಯ ಪಕ್ಕ ಕೂತಿರುವುದು.

ಉಳಿದವನ್ನು ಹರಿಗೋಲಿನಲ್ಲಿ ಒಯ್ದು ದಿಬ್ಬದ ಮೇಲೆ ಇಟ್ಟೆವು. ಮಾರನೆಯ ದಿನ ಲೀಲಾ ದುರ್ಬೀನು ಕಣ್ಣಿಗಿಟ್ಟು, "ಆಯಿ, ಅವುಗಳ ಟೊಪಿಗಿ ಕೆಂಪಗಾಗ್ಯಾವ" ಅಂದಳು. ಟೊಪ್ಪಿಗೆಯಲ್ಲ, ಕುಂಕುಮ. ನಮ್ಮ ಹೆಂಗಸರು ಬೆಳಿಗ್ಗೆಯೇ ಹರಿಗೋಲು ಹತ್ತಿ ಹೋಗಿ ಪೂಜೆ ಮುಗಿಸಿ ಬಂದಿದ್ದರು. ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಮೇಲೆ ನಿಜವಾದ ರೀವ ಎರಡು ಬಂದು, ಒಂದು ಸುತ್ತು ಹಾಕಿ, ಕೆಳಗೆ ಕುಂಕುಮ ಹಚ್ಚಿಕೊಂಡು ಹೊಗೆಯಲ್ಲಿ ಕೂತ ತಮ್ಮ ಬಳಗವನ್ನು ನೋಡಿ ಬಂದ ದಾರಿಯಲ್ಲೇ ಹೋದವು. ನಾನಾದರೂ ಹೋಗುತ್ತಿದ್ದೆ.

ಲೀಲಾ ಮನೆಮನೆಗೆ ಹೋಗಿ ತಿಳಿಸಿ ಹೇಳಿದಳು. ಎಲ್ಲರೂ ಚಹಾ ಕೊಟ್ಟರು, ತಲೆಯಾಡಿಸಿದರು, ಶುಕ್ರವಾರ ಮತ್ತೆ ಕಾಯಿ ಹಿಡಿದು ಹೋದರು. ಇದರಲ್ಲಿ ಎಲ್ಲರಿಗಿಂತ ಭಕ್ತಿ ಹೆಚ್ಚಿದ್ದು ಫಕೀರಪ್ಪನಿಗೆ. ಜನ್ಮದಲ್ಲಿ ಗುಡಿಯ ಮೆಟ್ಟಿಲು ಹತ್ತದವನು ತಾನೇ ಮುಂದೆ ನಿಂತು ಹೆಂಗಸರನ್ನು ಹರಿಗೋಲು ಹತ್ತಿಸುತ್ತಿದ್ದ. "ಹೋಗ್ರವಾ, ಪೂಜಿ ಮಾಡ್ರಿ. ಬ್ಯಾಡನ್ನಾಕ ನಾ ಯಾರು?" ಅನ್ನುತ್ತಿದ್ದ. ನನ್ನ ಕಡೆ ನೋಡಿ ಮೀಸೆ ತಿರುವುತ್ತಿದ್ದ. "ಅತ್ತಿಗಿ, ನಿಮ್ಮ ದೇವರು ಭಾಳ ಜಾಗೃತ ಐತಿ."

"ನಿನ್ನ ಮೂಗ ಒರಸಿದ್ದು ನಾ" ಅಂದೆ. ಆ ಸಲ ಅದೂ ನಡೆಯಲಿಲ್ಲ.

ಹೀಗಿರುವಾಗ ಒಂದು ದಿನ ಲೀಲಾ ಓಡಿಬಂದು ನನ್ನ ಎರಡೂ ಕೈ ಹಿಡಿದು ಗರಗರ ತಿರುಗಿಸಿದಳು. ನನ್ನ ಮಂಡಿಯ ನೋವು ಅವಳಿಗೆ ನೆನಪೇ ಇರಲಿಲ್ಲ. ದಿಬ್ಬದ ಆಚೆ ಮಗ್ಗುಲಲ್ಲಿ, ಪೂಜೆಯ ಗದ್ದಲ ಮುಟ್ಟದ ಕಡೆ, ಹಕ್ಕಿಗಳು ಇಳಿದಿದ್ದವು. ತತ್ತಿ ಇಟ್ಟಿದ್ದವು. ತಿರುಗಿಸುವುದು ನಿಲ್ಲಿಸಿದ ಮೇಲೆ ಅವಳ ಮುಖ ಸಣ್ಣದಾಯಿತು. ನಾಳೆ ಶುಕ್ರವಾರ. ಕಲ್ಲಿನ ಬಣ್ಣದ ತತ್ತಿ, ಕಾಣುವುದಿಲ್ಲ, ನಮ್ಮ ಹೆಂಗಸರು ದಿಬ್ಬ ಸುತ್ತು ಹಾಕಿ ಪ್ರದಕ್ಷಿಣೆ ಮಾಡುತ್ತಾರೆ.

ನಾನು ಕೊಡ ತೆಗೆದುಕೊಂಡು ನಳದ ಹತ್ತಿರ ಹೋದೆ. ನೀಲವ್ವ ಅಲ್ಲೇ ಇದ್ದಳು.

"ಇನ್ನ ಯಾರೂ ದಿಬ್ಬಕ್ಕ ಹೋಗಂಗಿಲ್ಲ" ಅಂದೆ.

"ಯಾಕ?"

"ಅಲ್ಲಿ ಹಡದಾರ."

"ಯಾರು?"

"ನಿಮ್ಮ ದೇವರ ಮನಿಯವರು. ಬಾಣಂತ್ಯಾರ ಅದಾರ. ಪುರುಡು."

ನಳದ ಸುತ್ತ ಇದ್ದವರೆಲ್ಲ ನಮ್ಮ ಕಡೆ ತಿರುಗಿದರು. ನಮ್ಮಲ್ಲಿ ದೇವರಿಗೆ ಹೆದರದ ಹೆಂಗಸರು ಇರಬಹುದು, ಪುರುಡಿನ ಮೈಲಿಗೆ ಮೀರಿ ಬಾಣಂತಿ ಕೋಣೆಗೆ ನುಗ್ಗುವ ಹೆಂಗಸು ಇಲ್ಲ. ಹೊರಗಿನವರ ಗಾಳಿ ತಾಗಬಾರದು, ದೃಷ್ಟಿ ತಾಗಬಾರದು, ಗದ್ದಲವಾಗಬಾರದು. ಲೀಲಾ ಇಂಗ್ಲಿಷ್ ಪುಸ್ತಕದಿಂದ ಓದಿ ಹೇಳಿದ್ದೂ ಅದನ್ನೇ, ಆದರೆ ಅವಳು ಬಾಣಂತಿ ಅನ್ನಲಿಲ್ಲ ನೋಡಿ.

ನೀಲವ್ವ ಕೊಡ ನಳದಿಂದ ಸರಿಸಿದಳು. "ಪುರುಡು ಯಾವಾಗ ತೀರ್ತೈತಿ?"

"ಮರಿ ಹಾರಿದ ಮ್ಯಾಲೆ."

"ಅಷ್ಟ ದಿನ? ನನಗ ಅಷ್ಟ ದಿನ ಕೋಣ್ಯಾಗ ಬಿಡಲಿಲ್ಲಲ್ಲ."

"ನಿನಗ ಅತ್ತಿ ಇದ್ಲು. ಅವಕ್ಕ ಅತ್ತಿ ಇಲ್ಲ."

ಹೆಂಗಸರೆಲ್ಲ ಕೊಡ ಬಿಟ್ಟು ನಕ್ಕರು. ನೀಲವ್ವನ ಅತ್ತೆ ನಳದ ಎದುರಿನ ಮನೆಯಲ್ಲೇ ಇದ್ದಳು, ಕಿವಿ ಕೇಳುತ್ತಿರಲಿಲ್ಲ, ಹಾಗಾಗಿ ಜೋರಾಗಿಯೇ ನಕ್ಕರು. ಅಲ್ಲಿಗೆ ದಿಬ್ಬದ ಪೂಜೆ ನಿಂತಿತು. ಲೀಲಾ, "ಆಯಿ, ಇದನ್ನ ವರದಿಯಾಗ ಹೆಂಗ ಬರೀಲಿ?" ಅಂದಳು. "ಹಂಗ ಬರಿ. ಓದಿದವರಿಗೂ ಅವ್ವ ಇರ್ತಾಳ" ಅಂದೆ.

ಪೂಜೆ ನಿಂತಿತು, ಆದರೆ ನಮ್ಮ ಹೆಂಗಸರ ಕೈ ನಿಲ್ಲಬೇಕಲ್ಲ. ಬಾಣಂತಿಯರು ಅಂದ ಮೇಲೆ ಬಾಣಂತನವೂ ಆಗಬೇಕು. ಒಬ್ಬಳು ಅಂಟಿನ ಉಂಡಿ ತಂದಳು, ಒಬ್ಬಳು ಕೊಬ್ಬರಿ ಬೆಲ್ಲ ತಂದಳು, ಇನ್ನೊಬ್ಬಳು ಸಬ್ಬಸಿಗೆ ಪಲ್ಯ, ಮೆಣಸಿನ ಸಾರು. ದಿಬ್ಬಕ್ಕೆ ಹೋಗುವಂತಿಲ್ಲ, ಹಾಗಾಗಿ ಎಲ್ಲ ನಮ್ಮ ಮನೆಗೆ ಬಂತು. ಹಕ್ಕಿ ಉಂಡಿ ತಿನ್ನುವುದಿಲ್ಲ ಅಂತ ಹೇಳಿ ಯಾರ ಮನಸ್ಸೂ ನೋಯಿಸಬಾರದು ಅಂತ ನಾವೇ ತಿಂದೆವು. ಲೀಲಾ ಪ್ಯಾಂಟಿನ ಗುಂಡಿ ಹಾಕಲು ಬಾರದಷ್ಟು ದಪ್ಪಗಾದಳು. ನನ್ನ ಮಂಡಿಯ ನೋವೂ ಕಡಿಮೆಯಾಯಿತು. ಆ ಬೇಸಿಗೆ ಸರಿಯಾಗಿ ಬಾಣಂತನ ಮಾಡಿಸಿಕೊಂಡವರು ನಾವಿಬ್ಬರೇ.

ಹಕ್ಕಿಯೂ ಕಡಿಮೆ ಬಾಣಂತಿಯಲ್ಲ. ಬಿಸಿಲು ಏರಿದರೆ ತತ್ತಿ ಬೆಂದುಹೋಗುತ್ತದೆ. ಅದಕ್ಕೆ ಅದು ನೀರಿಗೆ ಇಳಿದು ಹೊಟ್ಟೆ ತೋಯಿಸಿಕೊಂಡು ಬಂದು, ಒದ್ದೆ ಹೊಟ್ಟೆಯಲ್ಲಿ ತತ್ತಿಯ ಮೇಲೆ ಕೂರುತ್ತದೆ. ಜ್ವರ ಬಂದ ಕೂಸಿನ ಹಣೆಗೆ ತಣ್ಣೀರು ಬಟ್ಟೆ ಹಾಕುವ ಹಾಗೆ. ದುರ್ಬೀನಿನಲ್ಲಿ ಅದನ್ನು ನೋಡುತ್ತಾ ನಾನು ಅಡುಗೆಯ ತಳ ಹೊತ್ತಿಸಿದ್ದೂ ಉಂಟು.

ಮೊದಲ ತತ್ತಿಗಳನ್ನು ಆಲಿಕಲ್ಲು ಮಳೆ ಒಡೆದುಹಾಕಿತು. ಲೀಲಾ ಊಟ ಬಿಟ್ಟಳು. ಹಕ್ಕಿಗಳು ಬಿಡಲಿಲ್ಲ, ಮತ್ತೆ ಇಟ್ಟವು. ಆದರೆ ಹೊತ್ತಾಗಿತ್ತು. ಅಷ್ಟರಲ್ಲಿ ನೀರು ಇನ್ನೂ ಕೆಳಗಿಳಿದು, ದಂಡೆಗೂ ದಿಬ್ಬಕ್ಕೂ ನಡುವೆ ಕೆಸರಿನ ಒಂದು ದಾರಿ ಎದ್ದುಬಿಟ್ಟಿತು. ಮೊದಲ ದಿನ ಒಂದು ನಾಯಿ ಅದರ ಮೇಲೆ ಅರ್ಧ ಹೋಗಿ, ಕಾಲು ಹುಗಿದು, ತಿರುಗಿ ಬಂತು. ಎರಡು ದಿನ ಒಣಗಿದರೆ ಪೂರ್ತಿ ಹೋಗುತ್ತದೆ. ಒಂದು ನಾಯಿ ಹೋದರೆ ಒಂದು ತತ್ತಿಯೂ ಉಳಿಯುವುದಿಲ್ಲ. ಆ ದಾರಿಯನ್ನು ಅಡ್ಡ ಕಡಿದು ನೀರು ಬಿಡಬೇಕು ಅಂದಳು ಲೀಲಾ. ಕಡಿಯಬೇಕಾದದ್ದು ದಂಡೆಯ ಕಡೆಯ ತುದಿಯಲ್ಲಿ, ಅದರ ಮೇಲೆ ಫಕೀರಪ್ಪನ ಕಲ್ಲಂಗಡಿ ಬಳ್ಳಿಯ ತುದಿ ಹಬ್ಬಿತ್ತು.

"ನನ್ನ ಒಂದ ಬಳ್ಳಿ ಮುಟ್ಟಿದ್ರ ನೋಡು" ಅಂದ ಅವನು. "ಮಾತು ಮಾತ. ದಿಬ್ಬ ಬಿಟ್ಟೀನಿ. ಹೊಲ ಬಿಟ್ಟಿಲ್ಲ."

ಲೀಲಾ ಮನೆಗೆ ಬಂದಳು. ನಾನು ಮತ್ತೆ ಕೊಡ ತೆಗೆದುಕೊಂಡೆ. "ಬಾಣಂತಿ ಕೋಣಿಗೆ ಬಾಗಲಿಲ್ಲ, ನಾಯಿ ಹೊಕ್ಕಾವು" ಅಂದೆ ನಳದ ಹತ್ತಿರ. ಮರುದಿನ ನಸುಕಿನಲ್ಲಿ ಓಣಿಯ ಹೆಂಗಸರೆಲ್ಲ ಅಗೆಯುವ ಸನಿಕೆ, ಮಣ್ಣು ಹೊರುವ ಪುಟ್ಟಿ ಹಿಡಿದು ದಂಡೆಯ ಮೇಲೆ ನಿಂತಿದ್ದರು. ಫಕೀರಪ್ಪನ ಹೆಂಡತಿಯೂ ಇದ್ದಳು.

ಲೀಲಾ ಎರಡು ಮಾತು ಹೇಳಿದಳು. ಬಿಸಿಲು ಏರುವ ಮೊದಲು ಎಲ್ಲರೂ ಹೊರಬೀಳಬೇಕು, ನಾವು ಇರುವ ತನಕ ಹಕ್ಕಿ ತತ್ತಿಯ ಮೇಲೆ ಕೂರುವುದಿಲ್ಲ. ಯಾರೂ ಮಾತಾಡಬಾರದು. ಮೊದಲನೆಯದು ನಡೆಯಬಹುದು. ಎರಡನೆಯದಕ್ಕೆ ನೀಲವ್ವ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಅವಳನ್ನು ನೋಡಿ ಎಲ್ಲರೂ ತುರುಕಿಕೊಂಡರು. ಬಾಯಿಯಲ್ಲಿ ಸೆರಗು ಕಚ್ಚಿಕೊಂಡು, ಮೊಣಕಾಲ ತನಕ ಕೆಸರಲ್ಲಿ, ನಗು ತಡೆಯಲಾಗದೆ ಭುಜ ಕುಣಿಸುತ್ತಾ ಅಗೆಯುವ ಹೆಂಗಸರನ್ನು ನೀವು ನೋಡಬೇಕಿತ್ತು. ನನ್ನ ಕಾಲು ಹುಗಿದು ನಾನು ಕೂತೇಬಿಟ್ಟೆ, ಎಬ್ಬಿಸಲು ಬಂದವಳೂ ಕೂತಳು. ತಲೆಯ ಮೇಲೆ ಹಕ್ಕಿಗಳು ಚೀರುತ್ತಾ ಎರಗಿ ಎರಗಿ ತಮ್ಮ ಹಳೆಯ ಕೆಲಸ ಶುರುಮಾಡಿದವು. ನನ್ನ ಬಾಲ್ಯದಲ್ಲಿ ಕಂಡ ಅವುಗಳ ಗುರಿ ಇನ್ನೂ ತಪ್ಪಿರಲಿಲ್ಲ.

ಆದರೆ ಕೆಸರು ತೆಗೆದಷ್ಟೂ ಪಕ್ಕದಿಂದ ಜಾರಿ ತುಂಬು­ತ್ತಿತ್ತು. ಬಿಸಿಲು ಚುರುಕಾಯಿತು. ಲೀಲಾ ದಿಬ್ಬದ ಕಡೆ ನೋಡುತ್ತಿದ್ದಳು. ತತ್ತಿಗಳು ಬಯಲಿಗೆ ಬಿದ್ದಿದ್ದವು. ಇನ್ನು ನಿಲ್ಲಿಸಿ ಹೋದರೆ ನಾಯಿ ಬರುತ್ತದೆ, ನಿಲ್ಲಿಸದಿದ್ದರೆ ತತ್ತಿ ಬೇಯುತ್ತದೆ. ಅವಳು ಕೈ ಎತ್ತಿ ಎಲ್ಲರಿಗೂ ಹೊರಗೆ ಬನ್ನಿ ಅನ್ನುವುದರಲ್ಲಿದ್ದಳು, ಅಷ್ಟರಲ್ಲಿ ಟ್ರ್ಯಾಕ್ಟರಿನ ಸಪ್ಪಳ ಕೇಳಿತು.

ಫಕೀರಪ್ಪ ತನ್ನ ಬಳ್ಳಿಯ ಮೇಲೆಯೇ ಟ್ರ್ಯಾಕ್ಟರ್ ಇಳಿಸಿಕೊಂಡು ಬಂದ. ಗಾಲಿಯ ಕೆಳಗೆ ಕಲ್ಲಂಗಡಿ ಫಟ್ ಫಟ್ ಅಂತ ಒಡೆಯುತ್ತಿದ್ದವು.

"ಸರೀರಿ ಅಡ್ಡ" ಅಂದ. "ಹಿಂಗ ಅಗದ್ರ ಮುಂದಿನ ಉಗಾದಿಗೆ ಮುಗೀತೈತಿ. ಸನಿಕಿ ಹಿಡಿಯಾಕ ಬರೂದಿಲ್ಲ, ಸೊಟ್ಟ ಸೊಟ್ಟ ತಗದಾರ ಕಾಲವಿ."

ಅವನ ಮನಸ್ಸು ಕರಗಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇರೆಯವರು ಕೆಲಸ ಸೊಟ್ಟ ಮಾಡುವುದನ್ನು ಕೂತು ನೋಡಲು ಅವನಿಂದ ಆಗುವುದಿಲ್ಲ, ಚಿಕ್ಕಂದಿನಿಂದ ಅದೊಂದು ಚಟ. ಗಟ್ಟಿ ನೆಲದ ಅಂಚಿನಲ್ಲೇ ಹಿಂದಿನ ಬ್ಲೇಡು ಕೆಸರಿಗೆ ಇಳಿಸಿ ಮೂರು ಸಲ ಹೋಗಿ ಬಂದ. ಎರಡೂ ಕಡೆಯಿಂದ ನೀರು ನುಗ್ಗಿ ನಡುವೆ ಕೂಡಿತು. ಅಷ್ಟರಲ್ಲಿ ಅವನ ಬಿಳಿಯ ರುಮಾಲಿನ ಮೇಲೆ ಹಕ್ಕಿಗಳು ಎಷ್ಟು ಹೇಲಿದ್ದವು ಅಂದರೆ, ಅವನ ಹೆಂಡತಿ ಬಾಯಿಯ ಸೆರಗು ತೆಗೆದು, "ಇವರಿಗೂ ಪೂಜಿ ಆತು" ಅಂದಳು. ನಾವು ದಂಡೆಗೆ ಓಡಿಬಂದು ಅಲ್ಲಿ ಬಿದ್ದು ಬಿದ್ದು ನಕ್ಕೆವು. ಹಿಂದೆ ತಿರುಗಿ ನೋಡಿದರೆ ಹಕ್ಕಿಗಳು ಒಂದೊಂದೇ ಹೊಟ್ಟೆ ತೋಯಿಸಿಕೊಂಡು ತತ್ತಿಯ ಮೇಲೆ ಇಳಿಯುತ್ತಿದ್ದವು.

"ಮಾತು ಮಾತ" ಅಂದ ಫಕೀರಪ್ಪ, ರುಮಾಲು ಝಾಡಿಸುತ್ತಾ. "ಮರಿ ಹಾರಿದ್ರಷ್ಟ ದಿಬ್ಬ ಅವರ್ದು."

ಮರಿಗಳು ಬಂದವು. ಮರಳಿನ ಮೇಲೆ ಮರಳಿನದೇ ಉಂಡೆಗಳು ಓಡಾಡಿದ ಹಾಗೆ. ಅವು ಓಡಿದವು, ಉಂಡವು, ರೆಕ್ಕೆ ಬಡಿದವು, ಹಾರಲಿಲ್ಲ. ಕಲ್ಲಂಗಡಿ ಮಾರಿ ಮುಗಿಯಿತು, ಇನ್ನೂ ಹಾರಲಿಲ್ಲ. ಮೇಲೆ ಮಲೆನಾಡಿನ ಕಡೆ ಮಳೆ ಶುರುವಾಯಿತು ಅಂತ ಸುದ್ದಿ ಬಂತು. ಒಂದು ಬೆಳಿಗ್ಗೆ ಹೊಳೆಗೆ ಕೆಂಪು ನೀರು ಬಂದು ಹಿನ್ನೀರು ಏರತೊಡಗಿತು. ನಮ್ಮ ಕಾಲುವೆ ಮುಳುಗಿತು, ದಿಬ್ಬದ ಅಂಚು ಮುಳುಗಿತು. ಊರಿಗೆ ಊರೇ ದಂಡೆಯ ಮೇಲೆ ನಿಂತಿತು. ನೀಲವ್ವ, "ಹರಿಗೋಲ ತಗೊಂಡು ಹೋಗಿ ಪುಟ್ಟ್ಯಾಗ ಹಾಕ್ಕೊಂಡು ಬರೂಣು" ಅಂದಳು. ಲೀಲಾ ಬೇಡ ಅಂದಳು. "ನಾವು ಹೋದ್ರ ಹೆದರಿ ನೀರಿಗೆ ಬೀಳ್ತಾವು. ಜಾಗ ಕಾಯೂದು ನಮ್ಮ ಕೆಲಸ. ಹಾರೂದು ಅವರ್ದು." ಹೇಳುವಾಗ ಅವಳ ದನಿ ನಡುಗುತ್ತಿತ್ತು. ನಾನು ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟೆ, ನಡುಗುವುದು ನಿಂತಿತು.

ನೀರು ಮರಿಗಳ ಕಾಲಿಗೆ ಬಂತು. ಆಗ ಅವೆಲ್ಲ ಒಟ್ಟಿಗೆ ಎದ್ದವು. ಹಾರಾಟ ಅನ್ನುವ ಹಾಗಿರಲಿಲ್ಲ. ಹಬ್ಬದಲ್ಲಿ ಕುಡಿದು ಬಂದವರ ಹಾಗೆ ಒಂದರ ಮೇಲೊಂದು ಬೀಳುತ್ತಾ, ನೀರನ್ನು ಸವರುತ್ತಾ, ಹೇಗೋ ಕಾಲುವೆ ದಾಟಿ, ದಂಡೆಯ ಮೇಲೆ ಇನ್ನೂ ಮುಳುಗದ ಫಕೀರಪ್ಪನ ಖಾಲಿ ಹೊಲದಲ್ಲಿ ಧಬಧಬ ಬಿದ್ದವು. ದಂಡೆಯ ಮೇಲೆ ಸಿಳ್ಳೆ, ಕೇಕೆ. ಹಲಗೆಯವರು ಮತ್ತೆ ಎಲ್ಲಿಂದಲೋ ಬಂದಿದ್ದರು.

"ಹಾರಿದ್ವು" ಅಂದೆ.

"ಹಾರಿದ್ದಲ್ಲ ಅದು, ಬಿದ್ದಿದ್ದು" ಅಂದ ಫಕೀರಪ್ಪ. "ಲೆಕ್ಕಕ್ಕಿಲ್ಲ. ಖರೇ ಹಾರ್ತಾವೋ ಇಲ್ಲೋ ನಾನ ನೋಡ್ತೀನಿ." ಅಂದವನೇ ಹೋಗಿ ತನ್ನ ಬದುವಿನ ಮೇಲೆ ಕೂತ.

ನೀಲವ್ವ ಆರತಿ ತಟ್ಟೆ ಹಿಡಿದು ಹೊಲದ ಕಡೆ ಹೊರಟಳು. ಅವನು ಎದ್ದು ನಿಂತ. "ಏ, ಎಲ್ಲಿ ನುಗ್ತಿ? ಹಸಿ ಬಾಣಂತ್ಯಾರ ಅದಾರ, ಕಾಣೂದಿಲ್ಲೇನು?" ನಾಯಿ ಬಂತು, ಕಲ್ಲು ಬೀರಿದ. ಹದ್ದು ಬಂತು, ರುಮಾಲು ಬಿಚ್ಚಿ ಬೀಸಿದ. ಬಿಸಿಲು ಏರಿತು. ಹೆಂಡತಿ ಚಹಾ ತಂದು ಬದುವಿನ ತುದಿಯಲ್ಲಿ ಇಟ್ಟು, ಸಪ್ಪಳ ಮಾಡದೆ ಹೋದಳು. ತಾಯಿಹಕ್ಕಿಗಳು ಅವನ ತಲೆಯ ಮೇಲಿಂದ ಮೀನು ತಂದು ತಂದು ಮರಿಗಳ ಬಾಯಿಗೆ ಇಟ್ಟವು. ಅವನು ಅಲುಗಾಡಲಿಲ್ಲ. ಲೀಲಾ ಮತ್ತು ನಾನು ಈಚೆ ಬೇಲಿಯ ನೆರಳಲ್ಲಿ ಕೂತು ಅವನನ್ನೇ ನೋಡುತ್ತಿದ್ದೆವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಿನ್ನೀರಿನಿಂದ ಒಂದು ಗಾಳಿ ಬಂತು. ಮರಿಗಳು ಗಾಳಿಗೆ ಮುಖ ಮಾಡಿ ನಿಂತವು, ರೆಕ್ಕೆ ಬಿಚ್ಚಿದವು, ಎದ್ದವು. ಈ ಸಲ ಬೀಳಲಿಲ್ಲ. ಫಕೀರಪ್ಪ ಕತ್ತು ಹೊರಳಿಸಿ ಅವು ಕಾಣುವ ತನಕ ನೋಡಿ, ಧೋತರ ಝಾಡಿಸಿಕೊಂಡು, ನಮ್ಮ ಕಡೆ ಬಂದ. ಲೀಲಾ ಏನೋ ಹೇಳಲು ಹೋದಳು, ಅವನು ಅವಳ ಕಡೆ ನೋಡಲಿಲ್ಲ.

"ದಿಬ್ಬ ಅವರ್ದು" ಅಂದ ನನಗೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತ. "ಅತ್ತಿಗಿ, ಯಾರರ ಕೇಳಿದ್ರ, ಕಳೆ ತಗಿಯಾಕ ಕುಂತಿದ್ದ ಅನ್ನು."

ಆ ಹೊಲದಲ್ಲಿ ಬೆಳೆಯೂ ಇರಲಿಲ್ಲ, ಕಳೆಯೂ ಇರಲಿಲ್ಲ. ಹಾಗೇ ಹೇಳುತ್ತೇನೆ ಅಂದೆ.